ಸೊಸೆಯ ಪುಸ್ತಕ, ಅತ್ತೆಯ ಗಂಟಲು

ಕಣ್ಣಿಗೆ ಪಟ್ಟಿ ಬಿದ್ದ ಮೇಲೆ ಸೊಸೆ ಕಾಲು ಸುಟ್ಟ ಬೆಕ್ಕಾಗಿದ್ದಳು. ಕೂತರೆ ಏಳಬೇಕು, ಎದ್ದರೆ ನಡೆಯಬೇಕು, ನಡೆದರೆ ಯಾವುದಾದರೂ ಕುರ್ಚಿಗೆ ಕಿರುಬೆರಳು ಬಡಿಸಿಕೊಂಡು ಮತ್ತೆ ಕೂರಬೇಕು. ಬಲಗಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಿದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಒಂದಕ್ಕೆ ಪಟ್ಟಿ ಹಾಕಿದರೆ ಇನ್ನೊಂದು ಅತ್ತಿತ್ತ ಹೊರಳಿ ಇದನ್ನೂ ಹೊರಳಿಸುತ್ತದೆ, ಆದ್ದರಿಂದ ಎರಡಕ್ಕೂ ರಜೆ ಎಂದು ಎರಡನ್ನೂ ಮುಚ್ಚಿ ಕಳಿಸಿದ್ದರು. ಬಾಗಿಲ ತನಕ ಬಂದು, "ಓದೋದಂತೂ ಬೇಡವೇ ಬೇಡ" ಎಂದು ಇನ್ನೊಮ್ಮೆ ಎಚ್ಚರಿಸಿದ್ದರು. ಅವಳು ತಲೆಯಾಡಿಸಿದ್ದಳು. ಮನೆಗೆ ಬಂದ ಮೇಲೆ ಅತ್ತಿದ್ದಳು. ಅಳುವುದೂ ಕಣ್ಣಿಗೆ ಒಳ್ಳೆಯದಲ್ಲ ಎಂದು ಯಾರೋ ಫೋನಿನಲ್ಲಿ ಹೇಳಿದ ಮೇಲೆ ಅದನ್ನೂ ನಿಲ್ಲಿಸಿದ್ದಳು.

ಓದುವುದೇ ಅವಳ ಅನ್ನ. ನಗರದ ಹಳೆಯ ಪ್ರಕಾಶನ ಸಂಸ್ಥೆಯೊಂದು ಪ್ರಣಯ ಕಾದಂಬರಿಗಳ ಮಾಲೆಯೊಂದನ್ನು ತರುತ್ತಿತ್ತು. ಮರ್ಯಾದಸ್ಥ ಕಾದಂಬರಿಗಳಲ್ಲಿ ಮಲಗುವ ಕೋಣೆಯ ಬಾಗಿಲು ಮುಚ್ಚಿದರೆ ಅಧ್ಯಾಯ ಮುಗಿಯುತ್ತದೆ. ಈ ಮಾಲೆಯಲ್ಲಿ ಅಲ್ಲಿಂದಲೇ ಶುರುವಾಗುತ್ತದೆ. ಬಂದ ಹಸ್ತಪ್ರತಿಗಳಲ್ಲಿ ಯಾವುದು ಅಚ್ಚಿಗೆ, ಯಾವುದು ವಾಪಸ್ಸು ಎಂದು ತೂಗಿ ಹೇಳುವವಳು ಈ ಸೊಸೆ. ಕಚೇರಿಯಲ್ಲಿ ಅವಳನ್ನು ಎಲ್ಲರೂ ಜರಡಿ ಎನ್ನುತ್ತಿದ್ದರು. ಬೆತ್ತಲೆ ಮೈಗಳನ್ನು ಓದಿ ಕೆನ್ನೆ ಕೆಂಪಾಗುವ ಕಾಲ ಅವಳಿಗೆ ಎಂದೋ ಕಳೆದಿತ್ತು. ಅವಳು ನೋಡುತ್ತಿದ್ದದ್ದು ಲೆಕ್ಕವನ್ನು. ಅವನ ಎಡಗೈ ಅವಳ ಬೆನ್ನಿನ ಕೆಳಗಿದೆ, ಬಲಗೈ ಅವಳ ಕೂದಲಲ್ಲಿದೆ. ಹಾಗಾದರೆ ದೀಪ ಆರಿಸಿದ್ದು ಯಾರು? ಒಮ್ಮೆ ಹೆಸರು ಮಾಡಿದ ಲೇಖಕರೊಬ್ಬರ ನಾಯಕನಿಗೆ ಒಂದೇ ಪುಟದಲ್ಲಿ ಐದು ಕೈಗಳು ಸಿಕ್ಕಿದ್ದವು. "ಈತನನ್ನು ಪ್ರೀತಿಸುವುದಕ್ಕಿಂತ ಪೂಜಿಸುವುದು ಮೇಲು" ಎಂದು ಬರೆದು ಕಟ್ಟನ್ನು ಹಿಂದಿರುಗಿಸಿದ್ದಳು. ಆ ಲೇಖಕರು ಇವತ್ತಿಗೂ ಅವಳೆದುರು ಕೈ ಬೀಸುವುದಿಲ್ಲ.

ಕೈಗಳ ಲೆಕ್ಕ ತಪ್ಪಿದರೆ ತಿದ್ದಬಹುದು. ಆದರೆ ಅವಳು ತಿದ್ದಲು ಒಪ್ಪದೆ ನೇರವಾಗಿ ಪಕ್ಕಕ್ಕಿಡುವ ತಪ್ಪೊಂದಿತ್ತು. ಮುಟ್ಟುವ ಮುಂಚೆ ಕೇಳಿರಬೇಕು. ಬಾಯಿಂದಲೋ, ಕಣ್ಣಿಂದಲೋ, ಸುಮ್ಮನೆ ಕಾದು ನಿಂತೋ, ಹೇಗಾದರೂ ಸರಿ, ಬೇಡ ಎನ್ನಲು ಎದುರಿನವರಿಗೆ ಜಾಗ ಬಿಟ್ಟಿರಬೇಕು. ಅದಿಲ್ಲದ ಪುಸ್ತಕ ಎಷ್ಟು ಚೆನ್ನಾಗಿದ್ದರೂ ಅಚ್ಚಾಗುವುದಿಲ್ಲ. ನಿಯಮ ಮಾಡಿದವರು ಸಂಪಾದಕಿ. ಅದನ್ನು ಎದೆಗೆ ಹಚ್ಚಿಕೊಂಡವಳು ಜರಡಿ.

ಈಗ ಮನೆಯ ಮೇಜಿನ ಮೇಲೆ ಬಿದ್ದಿದ್ದ ಹಸ್ತಪ್ರತಿ ಮೂರನೆಯ ಸಲ ಬಂದದ್ದು. ಕನ್ನಡಕದ ಅಂಗಡಿ ನಡೆಸುವ ಹೆಂಗಸೊಬ್ಬಳು, ಅವಳ ಅಂಗಡಿಗೆ ಬರುವ ಈಜು ಕಲಿಸುವವನೊಬ್ಬ, ಅವರಿಬ್ಬರ ಕಥೆ. ಬರೆದವಳ ಮುಖವನ್ನು ಜರಡಿ ಕಂಡವಳಲ್ಲ, ಗುಂಡಗಿನ ಕೈಬರಹ ಮಾತ್ರ ಪರಿಚಯ. ಎರಡು ಸಲವೂ ಇವಳೇ ಹಿಂದಿರುಗಿಸಿದ್ದಳು, ಎರಡು ಸಲವೂ ಒಂದೇ ಮಾತು ಬರೆದು: ನಿಮ್ಮ ನಾಯಕ ಒಳ್ಳೆಯವನು, ಆದರೆ ಕೇಳುವುದೇ ಇಲ್ಲ. ಸಂಸ್ಥೆ ಯಾರಿಗೂ ನಾಲ್ಕನೆಯ ಅವಕಾಶ ಕೊಡುವುದಿಲ್ಲ. ಶುಕ್ರವಾರ ಸಂಜೆಯೊಳಗೆ ವರದಿ ಹೋಗದಿದ್ದರೆ ಈ ಪುಸ್ತಕಕ್ಕೆ ಬಾಗಿಲು ಶಾಶ್ವತವಾಗಿ ಮುಚ್ಚಿದಂತೆ. ಬೇರೆಯವರಿಗೆ ಕೊಡಲೇ ಎಂದು ಸಂಪಾದಕಿ ಕೇಳಿದ್ದರು. ಬೇರೆಯವರು ಕೈಬರಹ ಕಂಡೇ ಮೂಗು ಮುರಿಯುತ್ತಾರೆ ಎಂಬುದು ಜರಡಿಗೆ ಗೊತ್ತಿತ್ತು. "ಹೇಗೋ ಮಾಡ್ತೀನಿ ಮೇಡಂ" ಎಂದು ಹೇಳಿಬಿಟ್ಟಿದ್ದಳು. ಹೇಳುವಾಗ ಹೇಗೆ ಎಂಬುದರ ಗಂಧಗಾಳಿಯೂ ಇರಲಿಲ್ಲ.

ಮನೆಯಲ್ಲಿದ್ದವರು ಅತ್ತೆ ಒಬ್ಬರೇ. ಗಂಡ ರೈಲು ಓಡಿಸುವವನು, ದೂರದ ಪಾಳಿಯ ಮೇಲೆ ಹೋಗಿದ್ದ. ಅತ್ತೆಯೂ ರೈಲಿನವರೇ. ಕೂಗುವ ಯಂತ್ರ ಬರುವ ಮುಂಚೆ ನಿಲ್ದಾಣದ ಮೈಕಿನಲ್ಲಿ ಗಾಡಿಗಳು ಬರುವ ಹೋಗುವ ಹೊತ್ತನ್ನು ಕೂಗುತ್ತಿದ್ದವರು. ಊರಿಗೆಲ್ಲ ಮೈಕಮ್ಮ. ತೀರಿಹೋದ ಮಾವ ಅದೇ ನಿಲ್ದಾಣದ ಮಾಸ್ತರರಾಗಿದ್ದರು. ಅವರು ಚೀಟಿಯಲ್ಲಿ ಬರೆದು ಕೊಡುವುದು, ಇವರು ಕೂಗುವುದು. ಒಂದು ಗಾಡಿಯನ್ನೂ ಬಿಟ್ಟವರಲ್ಲ, ಒಂದು ಹೆಸರನ್ನೂ ತೊದಲಿದವರಲ್ಲ. ನಿವೃತ್ತರಾದ ಮೇಲೂ ಆ ಧ್ವನಿ ಅವರನ್ನು ಬಿಟ್ಟಿರಲಿಲ್ಲ. ಮಾರುಕಟ್ಟೆಯಲ್ಲಿ ಈರುಳ್ಳಿಯ ಬೆಲೆ ಕೇಳಿದರೆ ಪಕ್ಕದಲ್ಲಿದ್ದವರು ತಮಗೇ ತಿಳಿಯದಂತೆ ಚೀಲಗಳನ್ನು ಕೈಗೆತ್ತಿಕೊಳ್ಳುತ್ತಿದ್ದರು.

ಇಂಥ ಗಂಟಲು ಮನೆಯಲ್ಲಿರುವಾಗ ಇನ್ನೆಲ್ಲಿ ಹುಡುಕುವುದು? ಸೊಸೆ ಎರಡು ದಿನ ಯೋಚಿಸಿದಳು. ಸೊಸೆ ಏನು ಓದುತ್ತಾಳೆಂದು ಅತ್ತೆಗೆ ಗೊತ್ತಿರಲಿಲ್ಲ. ಕುಟುಂಬ ಕಾದಂಬರಿಗಳನ್ನು ತಿದ್ದುತ್ತಾಳೆ ಎಂದು ಮಗ ಹೇಳಿದ್ದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಈಗ ಕೋಲು ಮುರಿಯುವ ಹೊತ್ತು ಬಂದಿತ್ತು. ಮೂರನೆಯ ದಿನ ಬೆಳಿಗ್ಗೆ ತಡವರಿಸಿಕೊಂಡು ಬಂದು ಕಟ್ಟನ್ನು ಅತ್ತೆಯ ತೊಡೆಯ ಮೇಲಿಟ್ಟಳು.

"ಇದನ್ನ ಸ್ವಲ್ಪ ಜೋರಾಗಿ ಓದಿ ಅತ್ತೆ. ಶುಕ್ರವಾರದೊಳಗೆ ಮುಗಿಸಬೇಕು."

ಅತ್ತೆ ಕನ್ನಡಕ ಹಾಕಿಕೊಂಡ ಸದ್ದು ಕೇಳಿಸಿತು. ಗಂಟಲು ಸರಿಮಾಡಿಕೊಂಡರು. ಓದತೊಡಗಿದರು.

ಮೊದಲ ಎರಡು ಅಧ್ಯಾಯ ಸುಸೂತ್ರವಾಗಿ ಸಾಗಿತು. ಅಂಗಡಿ, ಗಿರಾಕಿಗಳು, ಈಜುಕೊಳದ ನೀಲಿ ನೀರು. ಮೂರನೆಯದರಲ್ಲಿ ಅಂಗಡಿಯ ಹಿಂದಿನ ಕೋಣೆ ಬಂತು. ಸೊಸೆಗೆ ಕಂಕುಳಲ್ಲಿ ಬೆವರು ಬಂತು. ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು.

"ಅವಳು ಅವನ ಕೊರಳಿನತ್ತ ಬಾಗಿದಳು," ಎಂದು ಅತ್ತೆ ಓದಿದರು. ಅದೇ ಏರಿಳಿತ, ಅದೇ ಬಿಡುವು. ಇನ್ನೇನು ಎರಡನೇ ಪ್ಲಾಟ್‌ಫಾರಂ ಎನ್ನುತ್ತಾರೇನೋ ಎಂದು ಸೊಸೆ ಕಾದಳು. "ಅವನ ಉಸಿರಿನ ವೇಗ ಹೆಚ್ಚಿತು. ಅವಳ ತುಟಿಗಳು ತಡವಾಗಿ ಬಂದವು."

ಅಲ್ಲಿಂದ ಮುಂದೆ ಬಂದದ್ದನ್ನು ಜರಡಿ ಎಷ್ಟೋ ಪುಸ್ತಕಗಳಲ್ಲಿ ನೂರಾರು ಸಲ ಓದಿದ್ದಳು. ಅತ್ತೆಯ ಬಾಯಲ್ಲಿ ಕೇಳುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಗುಂಡಿಯನ್ನೂ ಬಿಡದೆ, ಒಂದು ನಿಟ್ಟುಸಿರನ್ನೂ ನುಂಗದೆ ಅತ್ತೆ ಅಧ್ಯಾಯವನ್ನು ಅದರ ಕೊನೆಯ ನಿಲ್ದಾಣಕ್ಕೆ ಮುಟ್ಟಿಸಿದರು. ನೀರು ಕುಡಿದರು. ಕೋಣೆಯಲ್ಲಿ ಸ್ವಲ್ಪ ಹೊತ್ತು ಫ್ಯಾನಿನ ಸದ್ದೊಂದೇ ಇತ್ತು.

"ಕುಟುಂಬ ಕಾದಂಬರಿ ಅಂದಿದ್ದ ನನ್ನ ಮಗ," ಎಂದರು.

ಸೊಸೆ ಸೆರಗು ಹುಡುಕಿದಳು. ಹಾಕಿಕೊಂಡಿದ್ದದ್ದು ಸಡಿಲ ಅಂಗಿ.

"ಸರಿ ಬಿಡು. ಕುಟುಂಬ ಹೀಗೇ ತಾನೇ ಶುರುವಾಗೋದು."

ಆ ಮಾತಿಗೆ ಸೊಸೆ ಎಷ್ಟು ನಕ್ಕಳೆಂದರೆ ಪಟ್ಟಿಯ ಕೆಳಗೆ ಹುಣ್ಣು ಚುರುಗುಟ್ಟಿತು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಎಂದುಕೊಂಡಳು. ಅತ್ತೆಗೆ ನಾಚಿಕೆಯಿಲ್ಲ, ಅತ್ತೆ ಆಧುನಿಕರು, ಅತ್ತೆ ಚಿನ್ನ. ಅಷ್ಟಕ್ಕೆ ಅವಳ ಯೋಚನೆ ಮುಗಿಯಿತು. ಇನ್ನೊಬ್ಬರ ಪುಸ್ತಕದಲ್ಲಿ ಒಂದು ಹುಬ್ಬು ಕುಣಿದರೂ ಏಕೆ ಎಂದು ಕೇಳುವವಳು, ತನ್ನ ಮನೆಯ ಹಜಾರದಲ್ಲಿ ಕೂತ ಹೆಂಗಸಿನ ಮೌನವನ್ನು ಮಾತ್ರ ತನಗೆ ಬೇಕಾದ ಹಾಗೆ ಓದಿಕೊಂಡಳು.

ಹೀಗೆ ದಿನಗಳು ಸಾಗಿದವು. ಬೆಳಿಗ್ಗೆ ಪಾತ್ರೆ ಎತ್ತಿಟ್ಟ ಮೇಲೆ ಒಂದು ಸರದಿ, ಮಧ್ಯಾಹ್ನ ಮಲಗಿ ಎದ್ದ ಮೇಲೆ ಒಂದು ಸರದಿ. ಕೈಗಳ ಲೆಕ್ಕ ಅತ್ತೆಗೂ ಅಂಟಿಕೊಂಡಿತು. "ನಿಲ್ಲು ನಿಲ್ಲು, ಇವನ ಬಲಗೈ ಈಗ ತಾನೇ ಕಿಟಕಿ ಹತ್ರ ಇತ್ತಲ್ಲ?" ಎಂದು ಅವರೇ ತಡೆದು ಹಿಂದಿನ ಸಾಲಿಗೆ ಹೋಗುತ್ತಿದ್ದರು. ಸೊಸೆಗೆ ಖುಷಿಯೋ ಖುಷಿ. ಆದರೂ ಅತ್ತೆಯ ಓದಿನಲ್ಲಿ ಏನೋ ಹೊಸ ಚಡಪಡಿಕೆ ಸೇರಿಕೊಳ್ಳುತ್ತಿತ್ತು. ಒಂದು ಪುಟಕ್ಕೊಮ್ಮೆ ಎದ್ದು ಒಲೆ ಆರಿಸಿದ್ದೇನೋ ಇಲ್ಲವೋ ನೋಡಿ ಬರುತ್ತಿದ್ದರು. ಒರೆಸಿದ ಮೇಜನ್ನು ಮತ್ತೆ ಒರೆಸುತ್ತಿದ್ದರು. ರಾತ್ರಿಯ ಊಟಕ್ಕೆ ಉಪ್ಪು ಎರಡು ಸಲ ಬೀಳುತ್ತಿತ್ತು, ಇಲ್ಲವೇ ಬೀಳುತ್ತಲೇ ಇರಲಿಲ್ಲ. ಕತ್ತಲಲ್ಲಿ ಕೂತ ಸೊಸೆ ಒಂದು ಕಡೆ ಕಾಲು ಅಲ್ಲಾಡಿಸುವುದು, ಬೆಳಕಲ್ಲಿ ಕೂತ ಅತ್ತೆ ಇನ್ನೊಂದು ಕಡೆ ಹಾಳೆಯ ಅಂಚು ಸುರುಳಿ ಸುತ್ತುವುದು. ಮನೆಯಲ್ಲಿ ನೆಮ್ಮದಿಯಾಗಿದ್ದದ್ದು ಫ್ಯಾನು ಒಂದೇ.

ಒಂದು ಸಂಜೆ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು. "ಇಂಥ ಪುಸ್ತಕ ಯಾರು ಕೊಂಡ್ಕೋತಾರೆ?"

"ಎಲ್ಲರೂ. ಹೆಂಗಸರೇ ಜಾಸ್ತಿ. ಟೀಚರ್‌ಗಳು, ನರ್ಸ್‌ಗಳು, ಅಜ್ಜಿಯರು."

"ಅಜ್ಜಿಯರಾ?"

"ಹೂಂ. ಯಾಕೆ, ಅಜ್ಜಿಯರು ಮನುಷ್ಯರಲ್ವಾ?"

ಅತ್ತೆ ಎದ್ದು ಒಲೆ ನೋಡಿ ಬರಲು ಹೋದರು.

ಶುಕ್ರವಾರ ಮಧ್ಯಾಹ್ನಕ್ಕೆ ಕಥೆ ಘಟ್ಟಕ್ಕೆ ಬಂತು. ಉಳಿದಿದ್ದದ್ದು ಈ ಘಟ್ಟದ ಅಧ್ಯಾಯ ಮತ್ತು ಕೊನೆಯ ಎರಡು. ಇಲ್ಲಿಯವರೆಗಿನ ಮುತ್ತುಗಳನ್ನೆಲ್ಲ ಕನ್ನಡಕದ ಅಂಗಡಿಯವಳೇ ಮುಂದಾಗಿ ಕೊಟ್ಟಿದ್ದಳು, ಅದರಲ್ಲಿ ತಕರಾರಿರಲಿಲ್ಲ. ಈಗ ಈಜು ಕಲಿಸುವವನು ಮೊದಲ ಸಲ ಅವಳ ಮನೆಗೆ ಬಂದಿದ್ದಾನೆ. ಹಿಂದಿನ ಎರಡು ಸಲವೂ ಪುಸ್ತಕ ಎಡವಿ ಬಿದ್ದದ್ದು ಇದೇ ಹೊಸ್ತಿಲಲ್ಲಿ. ಸೊಸೆ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಕೇಳಪ್ಪಾ, ಈ ಸಲವಾದರೂ ಕೇಳು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಕಾಣದ ಹುಡುಗಿಯೊಬ್ಬಳ ಗುಂಡಗಿನ ಅಕ್ಷರಗಳ ಮೇಲೆ ಅವಳಿಗೆ ಅಷ್ಟು ಅಕ್ಕರೆ ಬೆಳೆದಿತ್ತು.

"ಬಾಗಿಲು ಮುಚ್ಚಿತು," ಎಂದು ಅತ್ತೆ ಓದಿದರು. "ಮಳೆಯಲ್ಲಿ ನೆಂದ ಅವನ ಚಪ್ಪಲಿಗಳು ಹೊರಗೇ ಉಳಿದವು."

ನಿಂತರು. ನೀರು ಕುಡಿದ ಸದ್ದು. ಎದ್ದು ಹೋಗಿ ಕಿಟಕಿ ಮುಚ್ಚಿದರು, ಬಂದು ಕೂತರು, ಮತ್ತೆ ಹೋಗಿ ತೆರೆದರು. ಹಾಳೆಗಳು ಸರಿದಾಡಿದವು.

"ಅವಳ ಅಂಗಿಯ ಮೊದಲ ಗುಂಡಿ ಅವನ ಬೆರಳಿಗೆ ಸಿಕ್ಕಿತು," ಎಂದು ಓದು ಮುಂದುವರಿಯಿತು. ಎರಡನೆಯ ಗುಂಡಿ, ಮೂರನೆಯದು, ಭುಜ, ಬೆನ್ನು, ಎಲ್ಲವೂ ವೇಳಾಪಟ್ಟಿಯ ಪ್ರಕಾರ.

"ತಾಳಿ ಅತ್ತೆ," ಎಂದಳು ಸೊಸೆ. "ನಡುವೆ ಏನೂ ಇಲ್ವಾ? ಬಾಗಿಲು ಮುಚ್ಚಿತು, ಆಮೇಲೆ?"

"ಗುಂಡಿ."

"ಸೀದಾ ಗುಂಡೀನಾ?"

"ಹೂಂ," ಎಂದರು ಅತ್ತೆ.

ಸೊಸೆಯ ತಲೆಗೆ ರಕ್ತ ಏರಿತು. ಎರಡು ಸಲ ಹೇಳಿದ್ದೆ! ಬಿಡಿಸಿ ಬಿಡಿಸಿ ಬರೆದಿದ್ದೆ! ಇಡೀ ಪುಸ್ತಕ ತಿದ್ದಿದ್ದಾಳೆ, ಮಳೆ ತಂದಿದ್ದಾಳೆ, ಚಪ್ಪಲಿ ತಂದಿದ್ದಾಳೆ, ಒಂದು ಮಾತು ತರಲಾಗಲಿಲ್ಲ ಇವಳಿಗೆ! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ಗೋಡೆಯಿಂದ ಗೋಡೆಗೆ ನಡೆದಳು, ಕುರ್ಚಿಗೆ ಮಂಡಿ ಬಡಿಸಿಕೊಂಡು ಕುರ್ಚಿಯನ್ನೇ ಬೈದಳು. ಕೋಪಕ್ಕಿಂತ ಹೆಚ್ಚಾಗಿ ದುಃಖ. ನಂಬಿದ್ದಳಲ್ಲ. ಈ ತಪ್ಪು ಸಿಕ್ಕ ಮೇಲೆ ಪುಸ್ತಕವನ್ನು ಕೊನೆಯವರೆಗೆ ಓದಬೇಕಿಲ್ಲ ಎಂಬುದು ಸಂಸ್ಥೆಯ ರೂಢಿ.

"ಸಾಕು ಅತ್ತೆ, ಮುಚ್ಚಿಡಿ. ಪೆನ್ನು ತಗೊಂಡು ಬರ್ಕೊಳ್ಳಿ. ಬರೆದದ್ದರ ಫೋಟೋ ಕಳಿಸಿದ್ರೆ ಆಯ್ತು, ಸಂಜೆವರೆಗೂ ಕಾಯೋದು ಬೇಡ."

ಪೆನ್ನಿನ ಮುಚ್ಚಳ ತೆಗೆದ ಸದ್ದು.

"ಭಾಷೆ ಚೆನ್ನಾಗಿದೆ. ಪಾತ್ರಗಳು ಜೀವಂತವಾಗಿವೆ. ಬರೆದಿರಾ? ಆದರೆ ಹಿಂದಿನ ಎರಡು ಪ್ರತಿಗಳಲ್ಲಿ ತೋರಿಸಿಕೊಟ್ಟ ದೋಷ ಹಾಗೆಯೇ ಉಳಿದಿದೆ. ನಾಯಕ ನಾಯಕಿಯ ಇಚ್ಛೆಯನ್ನು ಕೇಳುವ ಪ್ರಸ್ತಾಪವೇ ಇಲ್ಲ. ಆದ್ದರಿಂದ..."

ಪೆನ್ನು ನಿಂತಿತ್ತು. ಕಣ್ಣು ಕಟ್ಟಿದವರಿಗೆ ನಿಂತ ಪೆನ್ನೂ ಕೇಳಿಸುತ್ತದೆ.

"ಆದ್ದರಿಂದ?" ಎಂದು ಸೊಸೆ ನೆನಪಿಸಿದಳು.

"ಇದು ವಾಪಸ್ ಹೋದ್ರೆ ಆ ಹುಡುಗಿ ಮತ್ತೆ ಕಳಿಸಬಹುದಾ?"

"ಇಲ್ಲ. ಇದೇ ಕೊನೇದು."

ಫ್ಯಾನು ತಿರುಗುತ್ತಿತ್ತು. ಕೆಳಗಿನ ಬೀದಿಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಸೋಲುತ್ತಿದ್ದರು.

"ಕೇಳಿದ್ದಾನೆ," ಎಂದರು ಅತ್ತೆ.

"ಯಾರು?"

"ಆ ಹುಡುಗ. ಕೇಳಿದ್ದಾನೆ. ನಾನೇ ಓದ್ಲಿಲ್ಲ. ಒಂದು ಗಾಡಿ ನುಂಗಿಬಿಟ್ಟೆ."

ಸೊಸೆ ನಿಂತಲ್ಲೇ ನಿಂತಳು. ಹುಡುಗ ಹುಡುಗಿಯರ ಮೈಮೇಲಿನ ಒಂದು ಮಚ್ಚೆಯನ್ನೂ ಬಿಡದೆ ಕೂಗಿದ ಹೆಂಗಸು, ಒಂದು ಮಾತುಕತೆಯನ್ನು ಬಿಟ್ಟಿದ್ದರು. ಮೈಕಿನಲ್ಲಿ ಕೂಗುವವರ ಕಣ್ಣು ನಾಲಿಗೆಗಿಂತ ಒಂದು ಸಾಲು ಮುಂದಿರುತ್ತದೆ. ತೊದಲದೆ ಓದುವ ಗುಟ್ಟೇ ಅದು. ಆ ಕಣ್ಣು ಮುಂದಿನ ಸಾಲನ್ನು ಕಂಡಿತ್ತು, ನಾಲಿಗೆ ಹಿಂದೆ ಸರಿದಿತ್ತು.

"ಓದ್ತೀನಿ, ಕೂತ್ಕೋ," ಎಂದು ಅತ್ತೆ ಹಾಳೆ ಹುಡುಕಿದರು. ಈ ಸಲ ನಿಲ್ದಾಣದ ಧ್ವನಿ ಬರಲಿಲ್ಲ. ಪಕ್ಕದ ಮನೆಯವರಿಗೂ ಕೇಳಿಸದಷ್ಟು ಸಣ್ಣ, ಸ್ವಲ್ಪ ಒಡೆದ ಧ್ವನಿಯೊಂದು ಬಂತು. ಅದು ಯಾರದೆಂದು ಸೊಸೆಗೆ ಕ್ಷಣಕಾಲ ತಿಳಿಯಲಿಲ್ಲ.

"ಅವನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಎರಡೂ ಕೈಗಳನ್ನು ತನ್ನ ಮಂಡಿಗಳ ಮೇಲೇ ಇಟ್ಟುಕೊಂಡನು. 'ನಿನಗೆ ಏನು ಬೇಕು?' ಎಂದು ಕೇಳಿದನು. 'ಏನೂ ಬೇಡ ಎಂದರೂ ಸರಿ. ಟೀ ಕುಡಿದು ಹೋಗುತ್ತೇನೆ. ಟೀ ಬೇಡ ಎಂದರೆ ಹಾಗೆಯೇ ಹೋಗುತ್ತೇನೆ.' ಅವಳು ಉತ್ತರಿಸಲಿಲ್ಲ. ಯಾರೂ ಕೇಳಿರದ ಪ್ರಶ್ನೆಗೆ ಉತ್ತರ ಎಲ್ಲಿಟ್ಟಿದ್ದೇನೆಂದು ತನ್ನೊಳಗೇ ಹುಡುಕಿದಳು. ಅವನು ಕಾದನು."

ಅತ್ತೆ ಅಲ್ಲಿ ತಡವರಿಸಿದರು. "ಅವನು ಕಾದನು," ಎಂದು ಅದೇ ಸಾಲನ್ನು ಇನ್ನೊಮ್ಮೆ ಓದಿದರು.

"ಇವನು ನಿಜವಾಗಿಯೂ ಎದ್ದು ಹೋಗಬಲ್ಲನು ಎಂದು ಅವಳಿಗೆ ಅರಿವಾಯಿತು. ಹೋಗಬಲ್ಲನು ಎಂಬುದಕ್ಕೇ, ಇರು ಎಂಬ ಮಾತು ತಾನಾಗಿ ನಡೆದು ಬಂತು."

ಪುಟ ಮುಗಿಯಿತು. ಬೀದಿಯಲ್ಲಿ ಸ್ಕೂಟರು ಹೊರಟುಹೋಗಿತ್ತು.

"ಇಷ್ಟೇ," ಎಂದರು ಅತ್ತೆ. ಮೂಗೊರೆಸಿಕೊಂಡರು. "ನಿನ್ನ ಮಾವ ಕೆಟ್ಟವರಲ್ಲ. ಹೊಡೀಲಿಲ್ಲ, ಬೈಲಿಲ್ಲ, ಸಂಬಳ ತಂದು ಕೈಗಿಟ್ರು. ಊರೆಲ್ಲ ದೇವರಂಥ ಮನುಷ್ಯ ಅಂತು, ನಾನೂ ಹೂಂ ಅಂದೆ. ದೇವರು ನಮ್ಮನ್ನ ಕೇಳ್ತಾನಾ? ಇವರೂ ಕೇಳ್ತಿರಲಿಲ್ಲ. ದೀಪ ಆರಿಸೋರು. ದೀಪ ಆರ್ತು ಅಂದ್ರೆ ಗಾಡಿ ಬಂತು ಅಂತ ಅರ್ಥ."

ಸೊಸೆ ಬಾಯಿ ತೆರೆದಳು. ಅತ್ತೆ ಬಿಡಲಿಲ್ಲ.

"ಬೇಡ ಅನ್ನಬೇಕು ಅಂತ ಇರಲಿಲ್ಲ ಕಣೇ ನಂಗೆ. ಎಷ್ಟೋ ಸಲ ಬೇಕು ಅಂತಾನೇ ಇತ್ತು. ಆದ್ರೆ ಅದನ್ನ ಹೇಳೋಕೆ ಜಾಗ ಎಲ್ಲಿತ್ತು? ಹಗಲು ಅವರು ಬರೆದು ಕೊಟ್ಟಿದ್ದು ಕೂಗ್ತಿದ್ದೆ, ರಾತ್ರಿ ಸುಮ್ಮನಿರ್ತಿದ್ದೆ. ಅವರು ಹೋಗಿ ಇಷ್ಟು ವರ್ಷ ಆಯ್ತು. ಎಲ್ಲಾರೂ ಹಾಗೇ ಅಂದ್ಕೊಂಡು ಹಾಯಾಗಿದ್ದೆ. ಇಲ್ಲಿ ನೋಡಿದ್ರೆ ಒಬ್ಬ ಮಂಡಿ ಮೇಲೆ ಕೈ ಇಟ್ಕೊಂಡು ಕೂತಿದ್ದಾನೆ."

ಮಾವನ ಬಗ್ಗೆ ಸೊಸೆಗೆ ಎಂದೂ ಕೋಪ ಬಂದದ್ದಿಲ್ಲ. ಈಗ ಸತ್ತವರ ಮೇಲೆ ಬಂತು. ಅತ್ತೆಯ ಕೈ ಹಿಡಿಯಲು ಗಾಳಿಯಲ್ಲಿ ಕೈಚಾಚಿದಳು, ಸಿಕ್ಕಿದ್ದು ಮೇಜಿನ ಅಂಚು. ಆದರೆ ಸುಳ್ಳು ಏಕೆ ಹೇಳಬೇಕು, ಇವೆಲ್ಲಕ್ಕಿಂತ ಮೊದಲು ಅವಳ ಎದೆಯಲ್ಲಿ ಕುಣಿದದ್ದು ಬೇರೆಯೇ. ಪುಸ್ತಕ ಗೆದ್ದಿತ್ತು! ಆ ಹುಡುಗಿ ಬರೆದಿದ್ದಳು, ಜರಡಿ ಕೇಳಿದ್ದಕ್ಕಿಂತ ಚೆನ್ನಾಗಿ ಬರೆದಿದ್ದಳು. ಸಂಜೆಯಾಗಲು ಇನ್ನೂ ಹೊತ್ತಿತ್ತು. ಎರಡೇ ಅಧ್ಯಾಯ.

"ಅತ್ತೆ, ಆ ವರದಿ ಹರಿದು ಹಾಕಿ. ಕೊನೆ ಎರಡು ಅಧ್ಯಾಯ ಬೇಗ ಬೇಗ ಓದಿಬಿಡಿ. ಆರು ಗಂಟೆಯೊಳಗೆ ಕಳಿಸಿಬಿಡೋಣ."

ಹರಿಯುವ ಸದ್ದು ಬಂತು. ಓದುವ ಸದ್ದು ಬರಲಿಲ್ಲ.

"ಅತ್ತೆ?"

"ಪುರಾಣ ಹೇಳೋದಕ್ಕೆ, ಬದನೇಕಾಯಿ ತಿನ್ನೋದಕ್ಕೆ," ಎಂದರು ಅತ್ತೆ. ಸಿಟ್ಟಿನಿಂದೇನೂ ಅಲ್ಲ, ದಣಿದ ಧ್ವನಿಯಲ್ಲಿ. "ನೀನೂ ಕೇಳ್ಲಿಲ್ವಲ್ಲೇ."

"ಏನು ಕೇಳ್ಲಿಲ್ಲ?"

"ಕಟ್ಟು ತಂದು ತೊಡೆ ಮೇಲೆ ಹಾಕ್ದೆ. ಜೋರಾಗಿ ಓದಿ ಅಂದೆ. ಓದಿದೆ. ಈಗ ಬೇಗ ಬೇಗ ಓದಿ ಅಂತೀಯ. ನಂಗೆ ಓದೋಕೆ ಇಷ್ಟಾನಾ, ಕಷ್ಟಾನಾ, ಇದನ್ನ ಓದಿದ ಮೇಲೆ ರಾತ್ರಿ ನಿದ್ದೆ ಬರುತ್ತಾ, ಏನಾದ್ರೂ ಕೇಳಿದ್ಯಾ?"

ಸೊಸೆಯ ಮುಖ ಕಾದಿತು. ಕುಣಿಯುತ್ತಿದ್ದ ಕಾಲು ನಿಂತಿತು. ಬೇರೆಯವರ ನಾಯಕರನ್ನೆಲ್ಲ ಈ ಒಂದು ತಪ್ಪಿಗೆ ಮನೆಗೆ ಕಳಿಸಿದವಳು. ಅದೇ ತಪ್ಪನ್ನು ತನ್ನ ಹಜಾರದಲ್ಲಿ, ಹಾಡುಹಗಲಲ್ಲಿ, ವಾರವಿಡೀ ಮಾಡಿದ್ದಳು. ಅತ್ತೆ ಅತ್ತು ಮುಗಿಸುವ ಮುಂಚೆಯೇ ಇನ್ನೊಮ್ಮೆ ಮಾಡಿದ್ದಳು. ನಾಚಿಕೆ ಎಂದರೆ ಇದು, ಗುಂಡಿಗಳದ್ದಲ್ಲ.

ಕ್ಷಮಿಸಿ ಎನ್ನಲು ಹೋದಳು. ಕ್ಷಮಿಸಿ ಎಂದರೆ ಅತ್ತೆ "ಹೋಗ್ಲಿ ಬಿಡು" ಎಂದು ಓದಲು ಕೂರುತ್ತಾರೆ, ಅದು ಅವಳಿಗೆ ಗೊತ್ತಿತ್ತು. ಕುರ್ಚಿ ತಡವಿ ಕೂತಳು.

"ಅತ್ತೆ, ಉಳಿದ ಎರಡು ಅಧ್ಯಾಯ ಓದ್ತೀರಾ? ಬೇಡ ಅಂದ್ರೂ ಸರಿ."

ಹೇಳುವುದೇನೋ ಹೇಳಿದಳು. ಹೇಳಿದ ಮೇಲೆ ಕಾಯುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಹೊಟ್ಟೆಯೊಳಗೆ ಒಂದು ಪುಟ್ಟ ದನಿ 'ಹೂಂ ಅನ್ನಿ, ಹೂಂ ಅನ್ನಿ' ಎಂದು ಹಟ ಹಿಡಿದಿತ್ತು. ಗುಂಡಗಿನ ಅಕ್ಷರಗಳು, ಮೂರು ಸಲ ಬರೆದ ಕೈ, ಆರು ಗಂಟೆ. ಕಾಲು ತಾನಾಗಿ ಅಲ್ಲಾಡತೊಡಗಿತು. ಕೈಯಿಂದ ಮಂಡಿಯನ್ನು ಅದುಮಿ ಹಿಡಿದಳು. ಅತ್ತೆ ಸುಮ್ಮನಿದ್ದರು. ಎಷ್ಟು ಹೊತ್ತು ಸುಮ್ಮನಿದ್ದರೆಂದರೆ, ಎದ್ದು ಹೋಗಿದ್ದಾರೇನೋ ಎಂದು ಸೊಸೆ ಉಸಿರಿಗೆ ಕಿವಿಗೊಟ್ಟಳು.

"ಬೇಡ," ಎಂದರು ಅತ್ತೆ.

ಈ ಮನೆಗೆ ಬಂದ ಮೇಲೆ ಅತ್ತೆಯ ಬಾಯಿಂದ ಆ ಮಾತನ್ನು ಸೊಸೆ ಕೇಳಿರಲಿಲ್ಲ. ಇನ್ನೊಂದು ರೊಟ್ಟಿ ಹಾಕಲಾ ಎಂದರೂ ಹಾಕು ಎನ್ನುತ್ತಿದ್ದವರು, ಹೊಟ್ಟೆ ತುಂಬಿದ್ದರೂ.

"ಸರಿ ಅತ್ತೆ," ಎಂದಳು. ಫೋನನ್ನು ತಡವಿ ತೆಗೆದು ಅತ್ತೆಯತ್ತ ಚಾಚಿದಳು. "ಸಂಪಾದಕಿಗೆ ಫೋನ್ ಹಚ್ಚಿಕೊಡ್ತೀರಾ? ಅಥವಾ ಅದೂ ಬೇಡವಾ?"

"ಅದು ಹಚ್ಚಿಕೊಡ್ತೀನಿ," ಎಂದು ಅತ್ತೆ ಹಚ್ಚಿ ಅವಳ ಕೈಗಿಟ್ಟರು. ಅವರ ಹೆಜ್ಜೆ ಅಡುಗೆಮನೆಯ ಕಡೆ ಹೋಯಿತು.

ಸಂಪಾದಕಿಗೆ ಮಾತು ಉದ್ದವಾಗಬಾರದು, ಕಾಫಿ ತಣ್ಣಗಾಗಬಾರದು. "ಜರಡೀ, ಎಲ್ಲಿ ವರದಿ? ಎಲ್ಲರೂ ಕಾಯ್ತಿದ್ದಾರೆ."

"ಮುಗಿದಿಲ್ಲ ಮೇಡಂ. ಕೇಳುವ ದೃಶ್ಯ ಇದೆ, ನಾನು ಕೇಳಿದ್ದೀನಿ, ಇಷ್ಟು ವರ್ಷದಲ್ಲಿ ಇಷ್ಟು ಚೆನ್ನಾಗಿ ಬಂದಿದ್ದು ಕಂಡಿಲ್ಲ. ಕೊನೆ ಎರಡು ಅಧ್ಯಾಯ ಉಳಿದಿದೆ. ಓದದೆ ಪಾಸು ಅಂತ ಬರೆಯೋಕಾಗಲ್ಲ."

"ಓದಿಸಿ ಮತ್ತೆ. ಇನ್ನೂ ಟೈಮಿದೆ."

"ಓದೋರು ಬೇಡ ಅಂದ್ರು."

"ಬೇಡ ಅಂದ್ರಾ? ಅಯ್ಯೋ, ಮನೆಯವರೇ ತಾನೇ? ಬಾಯಲ್ಲಿ ಬೇಡ ಅಂತಾರೆ ಅಷ್ಟೇ. ಸ್ವಲ್ಪ ಒತ್ತಾಯ ಮಾಡಿ, ಒಪ್ತಾರೆ."

ಸೊಸೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಮೇಡಂ, ಈ ಮಾತು ಒಂದು ಕಾದಂಬರೀಲಿ ನಾಯಕ ಆಡಿದ್ದಿದ್ರೆ, ಪುಸ್ತಕ ವಾಪಸ್ ಕಳಿಸು ಅಂತ ನನಗೆ ಕಲಿಸಿದ್ದು ನೀವೇ."

ಆ ಕಡೆ ಕಾಫಿ ಲೋಟ ಕೆಳಗಿಟ್ಟ ಸದ್ದು ಬಂತು. ಸಂಪಾದಕಿ ಒಮ್ಮೆ ಕೆಮ್ಮಿದರು. ಕೆಲಸ ಹೋಯಿತು ಎಂದುಕೊಂಡಳು ಸೊಸೆ.

"ಸೋಮವಾರ," ಎಂದರು ಕೊನೆಗೆ. "ಸೋಮವಾರ ಬೆಳಿಗ್ಗೆ ಹೊಸ ಪುಸ್ತಕಗಳ ಪಟ್ಟಿ ಅಚ್ಚಿಗೆ ಹೋಗುತ್ತೆ. ಆಮೇಲೆ ನನ್ನ ಕೈಲಿಲ್ಲ. ನಿಮ್ಮ ಕಣ್ಣಿನ ಪಟ್ಟಿ ಯಾವಾಗ ತೆಗೀತಾರೆ?"

"ಬುಧವಾರ."

"ಮತ್ತೆ ಹೇಗೆ?"

"ಗೊತ್ತಿಲ್ಲ ಮೇಡಂ," ಎಂದು ಸೊಸೆ ನಿಜವನ್ನೇ ಹೇಳಿದಳು.

ಫೋನು ಇಟ್ಟಳು.  ಮೇಜಿನ ಮೇಲೆ ಕೈಯಾಡಿಸಿದಳು; ಉಳಿದ ಎರಡು ಅಧ್ಯಾಯಗಳ ಹಾಳೆಗಳು ಬೆರಳಿಗೆ ತಾಗಿದವು. ಪಟ್ಟಿಯನ್ನು ಒಂದಿಷ್ಟು ಮೇಲೆ ಸರಿಸಿದರೆ, ಒಂದೇ ಕಣ್ಣಲ್ಲಿ, ಒಂದೇ ಗಂಟೆ. ಬೆರಳು ಪಟ್ಟಿಯ ಅಂಚಿನವರೆಗೂ ಹೋಯಿತು.

"ಕೈ ಇಳಿಸು," ಎಂದರು ಅತ್ತೆ ಬಾಗಿಲಿನಿಂದ. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ. ಹತ್ತಿರ ಬಂದು ಟೀ ಲೋಟವನ್ನು ಸೊಸೆಯ ಕೈಗೆ ಹಿಡಿಸಿದರು. ತಾವೂ ಎದುರು ಕೂತು ಒಂದು ಗುಟುಕು ಕುಡಿದರು.

"ಫೋನಲ್ಲಿ ಅಂದಿದ್ದು ಕೇಳಿಸ್ಕೊಂಡೆ," ಎಂದರು.

ಸೊಸೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಈಗ ಏನು ಹೇಳಿದರೂ ಒತ್ತಾಯವಾಗುತ್ತದೆ ಎಂದು ಅವಳಿಗೆ ಭಯ.

"ಆ ಕಟ್ಟು ಅಲ್ಲೇ ಇರಲಿ, ಎತ್ತಿಡಬೇಡ. ನಾಳೆ ಇನ್ನೊಂದು ಸಲ ಕೇಳು."

"ನಾಳೆ ಓದ್ತೀರಾ?"

"ಏನಂತೀನೋ ನಂಗೇ ಗೊತ್ತಿಲ್ಲ," ಎಂದರು ಅತ್ತೆ. "ನೀನು ಕೇಳು. ನಾನೂ ನೋಡಬೇಕು, ಏನಂತೀನಿ ಅಂತ."